ಉಬ್ಬುಕೆತ್ತನೆಗೆ ಆಳದ ಲೆಕ್ಕ: ಅಂಕಿಯೋ, ಮಾದರಿಯೋ, ಡ್ರಿಲ್ಲೋ?

ನಕ್ಷೆ ಒಂದೇ: ಎಲೆಗಳ ಗೊಂಚಲಿನ ಮುಂದೆ ಕೂತ ಹಕ್ಕಿ. ಹಲಗೆ 25 ಮಿ.ಮೀ. ದಪ್ಪ, ಕೆತ್ತುವ ಆಳ 12 ಮಿ.ಮೀ. ಇಷ್ಟರಲ್ಲಿ ಯಾವ ಭಾಗಕ್ಕೆ ಎಷ್ಟು ಎಂದು ಉಳಿ ಹಿಡಿಯುವ ಮೊದಲೇ ತೀರ್ಮಾನಿಸಲು ಮೂರು ದಾರಿಗಳನ್ನು ನೋಡಿದೆ.

ಮೊದಲು ಅಂಕಿ. ನಕ್ಷೆಯ ಒಂದೊಂದು ಭಾಗವೂ ಹಲಗೆಯ ಮೇಲ್ಮೈಯಿಂದ ಎಷ್ಟು ಕೆಳಗೆ ಅಂತ ಬರೆಯುವುದು: ಹಕ್ಕಿಯ ಎದೆ 0, ಆಚೆಬದಿಯ ರೆಕ್ಕೆ 5, ಹಿನ್ನೆಲೆ 12. ಖರ್ಚಿಲ್ಲ, ಬೇಗ ಮುಗಿಯುತ್ತದೆ. ಎರಡು ಎಲೆಗಳು ಒಂದರ ಮೇಲೊಂದು ಹಾಯುವ ಕಡೆ ಯಾವುದು ಮುಂದೆ, ಯಾವುದು ಹಿಂದೆ ಎಂಬ ಗೊಂದಲ ಕಾಗದದಲ್ಲೇ ಬಗೆಹರಿಯುತ್ತದೆ. ಆದರೆ ಒಂದು ಎಲೆಗೆ ಒಂದೇ ಅಂಕಿ ಕೊಟ್ಟರೆ ರಟ್ಟು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ತೊಟ್ಟಿನ ಬಳಿ 9, ತುದಿಯ ಬಳಿ 3 ಅಂತ ಎರಡು ಕಡೆ ಬರೆದರೇನೇ ಇಳಿಜಾರು ಹುಟ್ಟುವುದು. ಅಂಕಿಯ ಬದಲು ಪೆನ್ಸಿಲ್ ಛಾಯೆ ತುಂಬುವವರೂ ಇದ್ದಾರೆ, ನನಗೆ ಒಗ್ಗಲಿಲ್ಲ. ಕಪ್ಪಗಿರುವ ಜಾಗ ಆಳವಾಗಿದೆಯೋ, ಬರೀ ನೆರಳಿನಲ್ಲಿದೆಯೋ ತಿಳಿಯುವುದಿಲ್ಲ.

ಎರಡನೆಯದು ಪ್ಲಾಸ್ಟಿಸಿನ್ (ಒಣಗದ, ಮೆತ್ತನೆಯ ಜೇಡಿಯಂಥ ಮುದ್ದೆ) ಮಾದರಿ. ಸಮಯ ತಿನ್ನುತ್ತದೆ, ಆದರೂ ನನ್ನ ಒಲವು ಇದಕ್ಕೇ. ಒಂದು ಷರತ್ತಿದೆ: ಮುದ್ದೆ ಮೆತ್ತುತ್ತಾ ಹೋಗಬಾರದು. 12 ಮಿ.ಮೀ. ದಪ್ಪದ ಎರಡು ಮರದ ಪಟ್ಟಿಗಳ ನಡುವೆ ಸಮನಾಗಿ ಲಟ್ಟಿಸಿ, ನಿಜವಾದ ಅಳತೆಯಲ್ಲೇ, ಕೆರೆದು ತೆಗೆಯುತ್ತಾ ಹೋಗಬೇಕು. ಮರಕ್ಕೆ ಆಮೇಲೆ ಸೇರಿಸಲು ಬರುವುದಿಲ್ಲವಲ್ಲ! ಹೀಗೆ ಕೆರೆಯುವಾಗ ಹಕ್ಕಿಯ ತಲೆ ಬೇರೆಯೇ ಲೆಕ್ಕ ಹೇಳಿತು. ಕೊಕ್ಕು ನಮ್ಮ ಕಡೆ ತುಸು ತಿರುಗಿದೆ, ಹಾಗಾಗಿ ಎಲ್ಲಕ್ಕಿಂತ ಮುಂದಿರಬೇಕಾದದ್ದು ಅದರ ತುದಿ. ಕೊಕ್ಕಿನ ತುದಿಗೆ 0 ಹೋಯಿತು, ಎದೆ 2ಕ್ಕೆ ಇಳಿಯಿತು. ಎದೆಯ ದುಂಡು ಕಾಣಿಸಲು ಅದರ ಅಂಚನ್ನು ಹಿನ್ನೆಲೆಯವರೆಗೂ ಬಾಗಿಸಬೇಕಿಲ್ಲ ಎನ್ನುವುದೂ ಪಕ್ಕದಿಂದ ಟಾರ್ಚ್ ಬಿಟ್ಟಾಗ ಗೊತ್ತಾಯಿತು. ನಾಲ್ಕೈದು ಮಿ.ಮೀ. ಬಾಗಿ, ಅಲ್ಲಿಂದ ನೇರ ಗೋಡೆಯಾಗಿ ಇಳಿದರೂ ಕಣ್ಣು ಅದನ್ನು ದುಂಡು ಎಂದೇ ಒಪ್ಪುತ್ತದೆ. ಕಾಗದ ಇದ್ಯಾವುದನ್ನೂ ತೋರಿಸುವುದಿಲ್ಲ. ಮಾದರಿ ಮುಚ್ಚಿಡುವುದು ಒಂದನ್ನು, ಮರದ ಎಳೆಯನ್ನು. ಪ್ಲಾಸ್ಟಿಸಿನ್‌ನಲ್ಲಿ ಸಲೀಸಾಗಿ ನಿಲ್ಲುವ ತೆಳು ಬೆರಳು ಮರದಲ್ಲಿ ಎಳೆಗೆ ಅಡ್ಡಲಾಗಿ ಬಂದರೆ ಸುಲಭವಾಗಿ ಮುರಿಯುತ್ತದೆ.

ಡ್ರಿಲ್ ಈ ಎರಡಕ್ಕೂ ಎದುರಾಳಿಯೇ ಅಲ್ಲ. ಬಿಟ್‌ಗೆ ಟೇಪ್ ಸುತ್ತಿ ಹಿನ್ನೆಲೆಯಲ್ಲಿ ಅಲ್ಲಲ್ಲಿ ತೂತು ಕೊರೆದರೆ ತಳದ ಮಟ್ಟ ಸಿಗುತ್ತದೆ, ಆಕಾರದ ಬಗ್ಗೆ ಒಂದು ಮಾತೂ ಇಲ್ಲ. ಟೇಪನ್ನು ಬಿಟ್‌ನ ಮೊನೆಯಿಂದಲೇ ಅಳೆದು, 12ಕ್ಕೆ ಒಂದು ಮಿ.ಮೀ. ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ನುಣುಪು ಮಾಡಿದ ಹಿನ್ನೆಲೆಯಲ್ಲಿ ಮೊನೆಯ ಗುಳಿಗಳು ಉಳಿಯುತ್ತವೆ.

ಬರೀ ಎಲೆ, ಬಳ್ಳಿಯಾದರೆ ಅಂಕಿಯೇ ಸಾಕು. ಮುಖ, ಹಕ್ಕಿ, ಪ್ರಾಣಿ ಇದ್ದರೆ ಮಾದರಿ ಮಾಡಿ, ಆ ಎರಡು ಪಟ್ಟಿಗಳ ಮೇಲೆ ಸ್ಕೇಲ್ ಅಡ್ಡ ಇಟ್ಟು ಅಲ್ಲಿಂದ ಕೆಳಕ್ಕೆ ಅಳೆದು ಅಂಕಿಗಳನ್ನು ನಕ್ಷೆಗೆ ಇಳಿಸಿ. ನಕ್ಷೆಯ ಇನ್ನೊಂದು ಪ್ರತಿ ಪಕ್ಕದಲ್ಲಿರಲಿ. ಹಲಗೆಯ ಮೇಲೆ ಬರೆದದ್ದು ಮೊದಲ ಚಕ್ಕೆಗಳ ಜೊತೆಗೇ ಹೋಗುತ್ತದೆ.