ಮೇಲ್ ಎಲ್ಲಿ ಸಿಕ್ಕಿಹಾಕಿಕೊಂಡಿತ್ತು? ಗೂಗಲ್ ಮೆಸೇಜ್‌ಹೆಡರ್ ಬಳಸಿ ನೋಡಿದಾಗ

ಹತ್ತೇ ನಿಮಿಷ ಚಾಲ್ತಿಯಲ್ಲಿರುವ ಓಟಿಪಿ ಮುಕ್ಕಾಲು ಗಂಟೆ ಬಿಟ್ಟು ಬಂದರೆ ಬೈಗುಳ ಬೀಳುವುದು ಇಂಟರ್‌ನೆಟ್ಟಿಗೆ. ನೆಟ್ ನಿಧಾನ ಎಂಬ ಕಾರಣಕ್ಕೆ ಮೇಲ್ ಅಷ್ಟು ತಡವಾಗುವುದು ಅಪರೂಪ. ಅದು ಸರ್ವರ್‌ನಿಂದ ಸರ್ವರ್‌ಗೆ ಕೈ ಬದಲಾಯಿಸುತ್ತ ಬರುವಾಗ ಯಾವುದೋ ಒಂದು ಕ್ಯೂನಲ್ಲಿ ಕಾದಿರುತ್ತದೆ. ಆ ಜಾಗವನ್ನು ತೋರಿಸುವ ಉಚಿತ ಸಾಧನ, ಗೂಗಲ್ ಅಡ್ಮಿನ್ ಟೂಲ್‌ಬಾಕ್ಸ್‌ನ ಮೆಸೇಜ್‌ಹೆಡರ್. ಲಾಗಿನ್ ಬೇಡ, ಜಿಮೇಲ್ ಅಲ್ಲದ ಮೇಲ್‌ಗೂ ನಡೆಯುತ್ತದೆ.

ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ತಡವಾದ ಮೇಲ್‌ನ ಬಲಗಡೆ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಆರಿಸಿ. ಅಲ್ಲಿ ಮೊದಲ ಖಾಲಿ ಸಾಲಿನವರೆಗಿನದೇ ಹೆಡರ್, ಅಂದರೆ ಮೇಲ್ ಬಂದ ದಾರಿಯ ವಿವರ. ಅಷ್ಟನ್ನೇ ಕಾಪಿ ಮಾಡಿ ಮೆಸೇಜ್‌ಹೆಡರ್ ಪುಟದಲ್ಲಿ ಅಂಟಿಸಿ; ಅದರ ಕೆಳಗಿರುವುದು ನಿಮ್ಮ ಪತ್ರದ ಒಕ್ಕಣೆ, ಅದನ್ನು ಯಾವ ಸೈಟಿಗೂ ಕೊಡಬೇಕಿಲ್ಲ.

ಪ್ರತಿ ಸರ್ವರ್ ಮೇಲ್ ತನಗೆ ಬಂದ ಹೊತ್ತು ಹೇಳುವ 'ರಿಸೀವ್ಡ್' ಸಾಲನ್ನು ಹಿಂದಿನದರ ಮೇಲೆ ಬರೆಯುವುದರಿಂದ ಹೆಡರನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಒಂದು ಸಾಲಿನ ಹೊತ್ತು +0530 (ಭಾರತದ ಸಮಯ) ಎಂದರೆ ಗೂಗಲ್‌ನ ಸಾಲು -0700 (ಅಮೆರಿಕದ ಪಶ್ಚಿಮ ಕರಾವಳಿಯ ಬೇಸಿಗೆ ಸಮಯ) ಎನ್ನಬಹುದು. ಕೈಯಲ್ಲಿ ಕಳೆಯಹೊರಟರೆ ಹನ್ನೆರಡೂವರೆ ಗಂಟೆ ಎಡವಟ್ಟಾಗುವುದು ಇಲ್ಲೇ. ಈ ಲೆಕ್ಕವನ್ನೆಲ್ಲ ತಾನೇ ಮಾಡಿ ಹಂತವಾರು ಪಟ್ಟಿ ಕೊಡುವುದು ಈ ಸಾಧನದ ನಿಜವಾದ ಬಲ.

ಆದರೆ ಪಟ್ಟಿಯನ್ನು ಓದುವುದರಲ್ಲಿ ಜಾಣತನ ಬೇಕು. 'ಅ' ಸರ್ವರ್‌ನಿಂದ 'ಬ' ಸರ್ವರ್‌ಗೆ 38 ನಿಮಿಷ ಎಂದಿದ್ದರೆ ಅಷ್ಟೂ ಹೊತ್ತು ಮೇಲ್ ಇದ್ದದ್ದು 'ಅ'ದ ಕ್ಯೂನಲ್ಲಿ. ಕಾರಣ ಮಾತ್ರ 'ಬ' ಇರಬಹುದು. ಗ್ರೇಲಿಸ್ಟಿಂಗ್ ಇರುವ ಸರ್ವರ್ ಗುರುತಿಲ್ಲದ ಕಳುಹಿಸುವವರಿಗೆ 451 ಎಂಬ ಉತ್ತರ ಕೊಟ್ಟು, ಈಗ ಬೇಡ, ಆಮೇಲೆ ಬಾ ಎನ್ನುತ್ತದೆ. ಸ್ಪ್ಯಾಮ್ ಕಳುಹಿಸುವ ಪ್ರೋಗ್ರಾಂಗಳು ಹೆಚ್ಚಾಗಿ ಮತ್ತೆ ಬರುವುದಿಲ್ಲ ಎಂಬುದು ಅದರ ಎಣಿಕೆ. ನಿಜವಾದ ಸರ್ವರ್ ಮತ್ತೆ ಬರುತ್ತದೆ, ಆದರೆ ತನ್ನ ಲೆಕ್ಕದಲ್ಲಿ. ಮೇಲ್ ಸಾಗಣೆಯ ನಿಯಮ ಹೇಳುವ ಆರ್‌ಎಫ್‌ಸಿ 5321ರ ಪ್ರಕಾರ ಮರುಪ್ರಯತ್ನಕ್ಕೆ ಕನಿಷ್ಠ 30 ನಿಮಿಷ ಅಂತರವಿರಬೇಕು, ಕೈಬಿಡುವ ಮೊದಲು 4-5 ದಿನ ಯತ್ನಿಸಬೇಕು. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದ ಮೂಲ ಸೆಟ್ಟಿಂಗ್‌ನಲ್ಲಿ ಅಂತರ 300 ಸೆಕೆಂಡಿನಿಂದ ಶುರುವಾಗಿ 4000 ಸೆಕೆಂಡಿನವರೆಗೆ ಬೆಳೆಯುತ್ತದೆ. 'ಬ' ಐದೇ ನಿಮಿಷ ಕಾಯಿಸಿದರೂ ಓಟಿಪಿ ಹಳಸುವುದು ಹೀಗೆ.

ಈ 451 ಮೆಸೇಜ್‌ಹೆಡರ್‌ನಲ್ಲಿ ಕಾಣುವುದಿಲ್ಲ, ಅದೇ ಇದರ ದೊಡ್ಡ ಕೊರತೆ. ಅದಿರುವುದು ಕಳುಹಿಸಿದ ಸರ್ವರ್‌ನ ಲಾಗ್‌ನಲ್ಲಿ, ಅಂದರೆ ಅದರ ಕೆಲಸದ ದಾಖಲೆಯಲ್ಲಿ. ಆದ್ದರಿಂದ ತಡವಾದ ಸಾಲನ್ನೂ ಹೆಡರ್‌ನಲ್ಲಿರುವ ಮೆಸೇಜ್ ಐಡಿಯನ್ನೂ (ಆ ಮೇಲ್‌ನ ಗುರುತು ಸಂಕೇತ) ಅಲ್ಲಿನ ಅಡ್ಮಿನ್‌ಗೆ ಕಳುಹಿಸಿ. ಐಡಿ ಸಿಕ್ಕರೆ ಲಾಗ್ ಹುಡುಕುವುದು ಸುಲಭ. 'ಮೇಲ್ ಲೇಟಾಯ್ತು' ಎಂದಷ್ಟೇ ಬರೆದರೆ ಅವರೂ ಏನೂ ಮಾಡಲಾರರು.

ಇನ್ನೊಂದು ಎಚ್ಚರ ಬೇಕಾದದ್ದು ಗಡಿಯಾರದ ವಿಷಯದಲ್ಲಿ. ನಡುವಿನ ಸರ್ವರ್‌ನ ಗಡಿಯಾರ 4 ನಿಮಿಷ ಮುಂದಿದ್ದರೆ ಆ ಹಂತದಲ್ಲಿ ಇಲ್ಲದ ತಡ ಕಾಣುತ್ತದೆ, ಮುಂದಿನ ಹಂತದಲ್ಲಿ ಅಷ್ಟೇ ಕಡಿಮೆಯಾಗುತ್ತದೆ. ಅಕ್ಕಪಕ್ಕದ ಸಾಲುಗಳನ್ನು ಕೂಡಿಸಿ ನೋಡಿ. ತಡ ಮೊದಲ ಹಂತದಲ್ಲೇ ಇದ್ದರೆ, ಕಳುಹಿಸಿದವರ ಲ್ಯಾಪ್‌ಟಾಪ್ ಆಫ್‌ಲೈನ್ ಇದ್ದು ಮೇಲ್ ಔಟ್‌ಬಾಕ್ಸ್‌ನಲ್ಲೇ ಕೂತಿದ್ದಿರಬಹುದು.

ಇಡೀ ಪಯಣ 3 ಸೆಕೆಂಡ್ ಎಂದು ಬಂದೂ ಫೋನ್ ಒಂದು ಗಂಟೆ ಬಿಟ್ಟು ಸದ್ದು ಮಾಡಿದ್ದರೆ ಮೆಸೇಜ್‌ಹೆಡರ್‌ಗೆ ಅಲ್ಲಿ ಕೆಲಸವಿಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಜಿಮೇಲ್‌ನ ಸಿಂಕ್ ಮತ್ತು ಬ್ಯಾಟರಿ ಸೇವರ್ ನೋಡಿ. ಐಫೋನ್‌ನ ಮೇಲ್ ಆ್ಯಪ್ ಜಿಮೇಲ್ ಖಾತೆಯನ್ನು 'ಫೆಚ್' ಅವಧಿಗೊಮ್ಮೆ ಮಾತ್ರ ಇಣುಕುತ್ತದೆ. ತುರ್ತು ಮೇಲ್‌ಗಳಿಗೆ ಅಲ್ಲಿ ಜಿಮೇಲ್ ಆ್ಯಪ್ ಹಾಕಿಕೊಳ್ಳಿ.