ಮೂರು ವರ್ಷ, 16 ಸಾವಿರ ಗಂಟೆ: ಅಮ್ಮನ ಆಕ್ಸಿಜನ್ ಮೆಷಿನ್

ನಮ್ಮ ಮನೆ ಕೊಪ್ಪದ ಹತ್ತಿರ ಒಂದು ಹಳ್ಳಿಯಲ್ಲಿ. ಅಮ್ಮ ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ. ಆದರೆ ನಲವತ್ತು ವರ್ಷ ಅಡಿಕೆ ಬೇಯಿಸುವ ಒಲೆ, ಬಚ್ಚಲ ಒಲೆಗಳ ಮುಂದೆ ಕೂತು ಹೊಗೆ ಕುಡಿದಳು. 2022ರ ಮೇ ತಿಂಗಳಲ್ಲಿ ಉಸಿರು ಕಟ್ಟಿ, ಐಸಿಯುನಲ್ಲಿ ಒಂಬತ್ತು ದಿನ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗಿದ್ದಳು. ಗಂಟಲಿಗೆ ಟ್ಯೂಬ್ ಹಾಕುವ ಹಂತಕ್ಕೆ ಹೋಗಲಿಲ್ಲ, ಅದೇ ನಮ್ಮ ಪುಣ್ಯ. ಮನೆಗೆ ಕಳಿಸುವಾಗ ಡಾಕ್ಟರ್ ಚೀಟಿಯಲ್ಲಿ ಬರೆದರು: ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ), ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್, ನಿಮಿಷಕ್ಕೆ 2 ಲೀಟರ್, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 88ರಿಂದ 92ರ ಒಳಗೆ.

ಹಾಗೆ ಮನೆಗೆ ಬಂದಿದ್ದು ನಿಮಿಷಕ್ಕೆ 5 ಲೀಟರ್ ತನಕ ಕೊಡುವ ಈ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಮೆಷಿನ್. ಕೊಟ್ಟಿದ್ದು 52 ಸಾವಿರ. ಇವತ್ತು ಅದರ ಗಂಟೆ ಮೀಟರ್ 16 ಸಾವಿರ ದಾಟಿದೆ.

ಮೊದಲು ಇದು ಮಾಡುವ ಕೆಲಸ ಹೇಳಿಬಿಡುತ್ತೇನೆ. ಗಾಳಿಯಲ್ಲಿ ನೂರಕ್ಕೆ 21 ಪಾಲು ಆಕ್ಸಿಜನ್, 78 ಪಾಲು ನೈಟ್ರೋಜನ್. ಒಳಗಿನ ಕಂಪ್ರೆಸರ್ ಗಾಳಿಯನ್ನು ಒತ್ತಿ, ಜಿಯೋಲೈಟ್ ಹರಳು ತುಂಬಿದ ಎರಡು ಕೊಳವೆಗಳಿಗೆ ನುಗ್ಗಿಸುತ್ತದೆ. ಹರಳು ನೈಟ್ರೋಜನ್ನನ್ನು ಹಿಡಿದುಕೊಳ್ಳುತ್ತದೆ, ಆಕ್ಸಿಜನ್ ಈಚೆ ಬರುತ್ತದೆ. ಒಂದು ಕೊಳವೆ ಹಿಡಿಯುವಾಗ ಇನ್ನೊಂದು ಬಿಡುತ್ತದೆ. ರಾತ್ರಿಯೆಲ್ಲ ಕೇಳುವ ಆ ಟುಸ್ ಟುಸ್ ಸದ್ದು ಅದೇ. ಹೊಸದರಲ್ಲಿ 93ರ ಆಸುಪಾಸು ಶುದ್ಧತೆ ಇರುತ್ತದೆ. ಹಾಗಂತ ಎದೆಗೆ ಅಷ್ಟೂ ಹೋಗುವುದಿಲ್ಲ. ಮೂಗಿನ ನಳಿಗೆಯಲ್ಲಿ 2 ಲೀಟರ್ ಬಿಟ್ಟರೆ, ಕೋಣೆಯ ಗಾಳಿಯೂ ಬೆರೆತು ಒಳಗೆ ಹೋಗುವುದು ಸುಮಾರು 28 ಪಾಲು.

ಎರಡನೇ ಮಳೆಗಾಲದಲ್ಲಿ ತೊಂದರೆ ಶುರುವಾಯಿತು. ಅಮ್ಮನ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 85, 84. ಮೆಷಿನ್ ನೋಡಿದರೆ ಲೀಟರ್ ತೋರಿಸುವ ಗಾಜಿನ ಕೊಳವೆಯ ಗುಂಡು 2ರ ಗೆರೆಯ ಮೇಲೇ ನಿಂತಿದೆ. ನಳಿಗೆಯ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿದೆ, ಗುಳ್ಳೆ ಚೆನ್ನಾಗಿ ಬಂತು. ಮೂಗು ಒಣಗದಂತೆ ಮೆಷಿನ್ನಿಗೆ ಸಿಕ್ಕಿಸಿದ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಮತ್ತೆ ಹಾಕಿದೆ, ಫಿಲ್ಟರ್ ತೊಳೆದು ಒಣಗಿಸಿದೆ. ಆದರೂ ಅದೇ 85. ಆಮೇಲೆ ಟೆಕ್ನಿಷಿಯನ್ ಮೀಟರ್ ಹಿಡಿದು ಅಳೆದರೆ ಶುದ್ಧತೆ 74ಕ್ಕೆ ಇಳಿದಿತ್ತು. ಗುಂಡು ತೋರಿಸುವುದು ಎಷ್ಟು ಗಾಳಿ ಬರುತ್ತಿದೆ ಅಂತ ಮಾತ್ರ. ಅದರಲ್ಲಿ ಆಕ್ಸಿಜನ್ ಎಷ್ಟು ಅನ್ನುವುದು ಅದಕ್ಕೆ ಗೊತ್ತಿಲ್ಲ. ಜಿಯೋಲೈಟಿಗೆ ನೈಟ್ರೋಜನ್‌ಗಿಂತ ನೀರಿನ ತೇವ ಇನ್ನೂ ಇಷ್ಟ. ಒಮ್ಮೆ ತೇವ ಕುಡಿದರೆ ಹರಳು ಕೆಟ್ಟಂತೆ. ನಾವು ಮೆಷಿನ್ ಇಟ್ಟಿದ್ದು ಬಚ್ಚಲಿನ ಗೋಡೆಗೆ ತಾಗಿ. ಮಲೆನಾಡಿನ ಆಷಾಢ ಅಂದರೆ ಗೊತ್ತಲ್ವಾ, ಬಟ್ಟೆಯೇ ಒಣಗುವುದಿಲ್ಲ.

ಆ ಟೆಕ್ನಿಷಿಯನ್ ಬರಲು ಹನ್ನೊಂದು ದಿನ ಹಿಡಿಯಿತು. ವಾರಂಟಿ ಇತ್ತು, ಫೋನ್ ಮಾಡಿದಾಗೆಲ್ಲ "ನಾಳೆ ಬರ್ತಾರೆ ಸರ್" ಅನ್ನುತ್ತಿದ್ದರು. ಅಷ್ಟು ದಿನ ಸಿಲಿಂಡರ್ ಮೇಲೆ ಬದುಕಿದೆವು. ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆಯಲ್ಲಿ ಖಾಲಿ. ಜೀಪಿನಲ್ಲಿ ಸಿಲಿಂಡರ್ ಹೇರಿಕೊಂಡು ದಿನಾ ಪೇಟೆಗೆ ಓಡಿದ್ದು ಮರೆಯಲಾರೆ.

ಇನ್ನೊಂದು ಮಾತನ್ನು ಎಲ್ಲರೂ ತಿಳಿದಿರಬೇಕು. ಒಂದು ಸಂಜೆ ನಾನು ತೋಟದಲ್ಲಿದ್ದೆ. ಅಕ್ಕನಿಗೆ ಉಸಿರು ಕಷ್ಟ ಆಗ್ತಿದೆ ಅಂತ ಮಾವ ಪ್ರೀತಿಯಿಂದಲೇ 2 ಇದ್ದದ್ದನ್ನು 5ಕ್ಕೆ ತಿರುಗಿಸಿದ್ದರು. ನಾನು ಬಂದಾಗ ಆಕ್ಸಿಮೀಟರ್ 97 ತೋರಿಸುತ್ತಿತ್ತು. ಎಲ್ಲರಿಗೂ ಖುಷಿ. ಆದರೆ ಅಮ್ಮ ತಲೆನೋವು ಅಂತಿದ್ದಳು. ಮಾತಾಡುತ್ತಾ ಮಾತಾಡುತ್ತಾ ಕಣ್ಣು ಮುಚ್ಚುತ್ತಿದ್ದಳು. ಕಾಫಿ ಲೋಟ ಹಿಡಿದ ಕೈ ಅದುರಿ ಸೀರೆ ಮೇಲೆ ಚೆಲ್ಲಿತು. ಕೂಡಲೇ ಮೊದಲಿನ 2ಕ್ಕೆ ಇಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿತ್ತು. ಸಿಒಪಿಡಿ ಇರುವ ಕೆಲವರಿಗೆ ಆಕ್ಸಿಜನ್ ಜಾಸ್ತಿಯಾದರೆ ಹೀಗಾಗುತ್ತದೆ. ಆಗ ಕೆಲವೊಮ್ಮೆ ಬೈಪ್ಯಾಪ್ ಬೇಕಾಗುತ್ತದೆ, ಅದು ಒತ್ತಡ ಕೊಟ್ಟು ಉಸಿರಾಡಿಸುತ್ತದೆ. ಆ ಕೆಲಸ ಈ ಮೆಷಿನ್ ಮಾಡುವುದಿಲ್ಲ. 88ರಿಂದ 92 ಅಂತ ಡಾಕ್ಟರ್ ಸುಮ್ನೆ ಬರೆದಿರಲಿಲ್ಲ. ಈಗ ಆ ತಿರುಗಣೆಯ ಮೇಲೆ ಟೇಪ್ ಅಂಟಿಸಿದ್ದೇನೆ.

ಕರೆಂಟ್ ಲೆಕ್ಕ: ನಮ್ಮದು 350 ವ್ಯಾಟ್, 15 ಗಂಟೆಗೆ ಐದೂಕಾಲು ಯೂನಿಟ್. ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟ್ ಇದ್ದರೂ ಅದರ ಮಿತಿ ದಾಟಿ ಬಿಲ್ ಬರುತ್ತದೆ. ಸೈನ್‌ವೇವ್ ಇನ್ವರ್ಟರ್ ಮತ್ತು ಸ್ಟೆಬಿಲೈಸರ್ ಇಲ್ಲದೆ ನಮ್ಮ ಕಡೆ ಇದನ್ನು ನಂಬಿ ಕೂರಲು ಆಗುವುದಿಲ್ಲ. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಎರಡು ದಿನವೂ ಆಗಬಹುದು. ಒಂದು ತುಂಬಿದ ಸಿಲಿಂಡರ್ ಯಾವಾಗಲೂ ಮನೆಯಲ್ಲಿರುತ್ತದೆ.

ಅಮ್ಮನಿಗೆ ಬೇಸರವಾಗಿದ್ದು ದೇವರ ದೀಪದ ವಿಷಯಕ್ಕೆ. ಆಕ್ಸಿಜನ್ ಸೀರೆಯ ಸೆರಗಿನಲ್ಲಿ, ಕೂದಲಲ್ಲಿ ತುಂಬಿಕೊಂಡಿರುತ್ತದೆ, ಕಿಡಿ ತಾಗಿದರೆ ಭಗ್ ಅನ್ನುತ್ತದೆ. ಅದಕ್ಕೆ ನಳಿಗೆ ಬೇಕಂತಲೇ 7 ಮೀಟರ್ ಮಾತ್ರ ಹಾಕಿದ್ದೇವೆ. ಜಗಲಿ ತನಕ ಬರುತ್ತದೆ, ಅಡುಗೆಮನೆಗೂ ದೇವರ ಕೋಣೆಗೂ ಹೋಗುವುದಿಲ್ಲ. ದೀಪ ನನ್ನ ಹೆಂಡತಿ ಹಚ್ಚುತ್ತಾಳೆ. ಅಮ್ಮ ಹೂ ಕಟ್ಟಿ ಕೊಡುತ್ತಾಳೆ. ಮೂಗು ಒಣಗಿ ಉರಿದರೆ ಇದೇ ಕಾರಣಕ್ಕೆ ವ್ಯಾಸಲೀನನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಹಚ್ಚಬೇಡಿ. ನೀರಿನ ಅಂಶದ ಜೆಲ್ ಸಿಗುತ್ತದೆ.

ಕೊಳ್ಳುವವರು ಶುದ್ಧತೆ ಇಳಿದರೆ ಕೂಗುವ ಅಲಾರಂ ಇರುವುದನ್ನೇ ಕೊಳ್ಳಿ. ನಮ್ಮದರಲ್ಲಿ ಇಲ್ಲ. ಅಂಗಡಿಯಲ್ಲೇ 5 ಲೀಟರ್‌ಗೆ ತಿರುಗಿಸಿ, ಅರ್ಧ ಗಂಟೆ ಓಡಿಸಿ, ಮೀಟರ್ ಹಿಡಿದು ಶುದ್ಧತೆ ತೋರಿಸಲು ಹೇಳಿ. ನಿಮ್ಮ ಊರಿಗೆ ಟೆಕ್ನಿಷಿಯನ್ ಎಷ್ಟು ದಿನದಲ್ಲಿ ಬರುತ್ತಾರೆ ಅಂತ ಬರೆಸಿಕೊಳ್ಳಿ. ನಮ್ಮ ಮೆಷಿನ್ ಹರಳಿನ ಕೊಳವೆ ಬದಲಾಯಿಸಿದ ಮೇಲೆ ಚೆನ್ನಾಗಿ ಓಡುತ್ತಿದೆ. ಈಗ ಅದು ನಡುಮನೆಯಲ್ಲಿ, ಗೋಡೆಯಿಂದ ಒಂದು ಅಡಿ ಬಿಟ್ಟು ನಿಂತಿದೆ. ಇವತ್ತು ಬೆಳಗ್ಗೆ ಅಮ್ಮನ ಸ್ಯಾಚುರೇಶನ್ 90.