20 ಅಡಿ ಬೆಲ್ಟ್ ಹೆಡರ್ ಅಂತ ಯಾರಾದರೂ ಬಂದರೆ ಅಡ್ವಾನ್ಸ್ ಕೊಡಬೇಡಿ

ಕುಶಾಲನಗರ, ಕೂಡಿಗೆ, ಹೆಬ್ಬಾಲೆ, ಶನಿವಾರಸಂತೆ ಕಡೆ ಕಟಾವು ಮೆಷಿನ್ ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಹೆಡರ್ ಅಂದರೆ ಮೆಷಿನ್ ಮುಂದೆ ಪೈರು ಕೊಯ್ದು ಒಳಗೆ ಕಳಿಸುವ ಭಾಗ. ಎರಡು ತಿಂಗಳಿಂದ ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ನಾಚಿಕೆ ಆಗುತ್ತಿತ್ತು. ಆದರೆ ಮೊನ್ನೆ ಒಂದು ಫೋಟೋ ನೋಡಿದೆ, ಅದು ಆಮೇಲೆ ಹೇಳ್ತೀನಿ, ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನದು 14 ಅಡಿ ಕಟ್ಟರ್ ಬಾರ್ (ಪೈರು ಕೊಯ್ಯುವ ಬ್ಲೇಡಿನ ಪಟ್ಟಿ) ಇರುವ ಟೈರ್ ಮೆಷಿನ್, ಸೆಕೆಂಡ್ ಹ್ಯಾಂಡ್. ಹಾರಂಗಿ ನಾಲೆ ಕೆಳಗಿನ ಗದ್ದೆಗಳಲ್ಲಿ ಬಾಡಿಗೆಗೆ ಓಡಿಸುತ್ತೇನೆ. ಹುತ್ತರಿ ಮುಗಿದ ಮೇಲೆ ನಮ್ಮಲ್ಲಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಭತ್ತ ಕೊಯ್ಲಿಗೆ ಬರುವ ಹೊತ್ತಿಗೇ ಕಾಫಿಯೂ ಹಣ್ಣಾಗುತ್ತೆ, ಕೆಲಸದವರೆಲ್ಲ ತೋಟಕ್ಕೆ ಹೋಗಿಬಿಡುತ್ತಾರೆ, ಗದ್ದೆಗೆ ಆಳು ಸಿಗಲ್ಲ. ಎಲ್ಲರಿಗೂ ಒಂದೇ ವಾರದಲ್ಲಿ ಮೆಷಿನ್ ಬೇಕು. ಬೇಗ ಮುಗಿಸಿ ಇನ್ನೊಂದು ಕಡೆ ಹೋಗೋಣ ಅನ್ನೋ ಆಸೆಯಲ್ಲೇ ನಾನು ಸಿಕ್ಕಿಬಿದ್ದೆ.

ಹೊರಗಿನ ಒಬ್ಬ ಡೀಲರ್ ವಿಡಿಯೋ ಕಳಿಸಿದ. ಕೆನಡಾದ ಬಯಲು, 40 ಅಡಿ ಹೆಡರ್, ಗೋಧಿ ಹಾಸಿಗೆ ಸುತ್ತಿದ ಹಾಗೆ ಒಳಗೆ ಹೋಗುತ್ತಿದೆ. ನಮ್ಮ ಮೆಷಿನ್‌ಗಳಲ್ಲಿ ಕೊಯ್ದ ಪೈರನ್ನು ಮಧ್ಯಕ್ಕೆ ಎಳೆಯುವುದು ಸ್ಕ್ರೂ ಅಲ್ವಾ. ಈ ಡ್ರೇಪರ್ ಹೆಡರ್‌ನಲ್ಲಿ ಎರಡೂ ಕಡೆಯಿಂದ ರಬ್ಬರ್ ಬೆಲ್ಟ್ ತಂದು ಮಧ್ಯಕ್ಕೆ ಹಾಕುತ್ತೆ, ತೆನೆ ಮುಂದಾಗಿ ಸಮನಾಗಿ, ಪೈರನ್ನು ಮೆಷಿನ್ ಒಳಗೆ ಎಳೆದುಕೊಳ್ಳುವ ಫೀಡರ್‌ಗೆ ಹೋಗುತ್ತೆ. ಅದು ಸುಳ್ಳಲ್ಲ. ದೊಡ್ಡ ಬಯಲಿನಲ್ಲಿ, ಅದಕ್ಕೆಂದೇ ಮಾಡಿದ ಮೆಷಿನ್‌ನಲ್ಲಿ ಅದು ಒಳ್ಳೆಯ ಹೆಡರೇ. ಇವನು ನನಗೆ ಮಾರಿದ್ದು ಎಲ್ಲೋ ಬಿಚ್ಚಿದ ಹೆಡರನ್ನು 20 ಅಡಿಗೆ ಕತ್ತರಿಸಿ, ಬೆಸುಗೆ ಹಾಕಿ, ಬಣ್ಣ ಹೊಡೆದಿದ್ದು.

'ನನ್ನ ಮೆಷಿನ್‌ಗೆ ಆಗುತ್ತಾ' ಅಂತ ನಾಲ್ಕು ಸಲ ಕೇಳಿದ್ದೇನೆ. ಫೀಡರ್ ಬಾಯಿಗೆ ಟೇಪ್ ಹಿಡಿದು ಫೋಟೋ ತೆಗೆದು ಕಳಿಸಿದ್ದೇನೆ. ನಾಲ್ಕು ಸಲವೂ ಒಂದೇ ಉತ್ತರ, 'ಸೀದಾ ಕೂರುತ್ತೆ ಸರ್.' ಒಟ್ಟು 5,20,000. ಅಡ್ವಾನ್ಸ್ 1,50,000, ಲಾರಿಗೆ ಲೋಡ್ ಆದಾಗ 2,50,000, ಮಿಕ್ಕಿದ್ದು ಫಿಟಿಂಗ್ ಆದಮೇಲೆ. ಮನೆಯವಳ ಬಳೆ ಅಡವಿಟ್ಟು 4 ಲಕ್ಷ ಕೊಟ್ಟೆ.

ಫಿಟಿಂಗ್‌ಗೆ ಬಂದಿದ್ದು ಒಬ್ಬ ಹುಡುಗ, ಕೈಯಲ್ಲಿ ಒಂದು ಸ್ಪ್ಯಾನರ್ ಸೆಟ್. ಮೊದಲನೆಯದಾಗಿ ಕೊಂಡಿಗಳೇ ಕೂರಲಿಲ್ಲ. ಅಳತೆ ತಪ್ಪು. ಹೆಡರ್‌ನ ಮಧ್ಯದ ಬಾಯಿ ನಮ್ಮ ಫೀಡರ್ ಬಾಯಿಗಿಂತ ಎರಡೂ ಕಡೆ ಒಂದೊಂದು ಗೇಣು ಅಗಲ. ಊರಿನ ವೆಲ್ಡಿಂಗ್ ಶಾಪ್‌ನಿಂದ ಮೂರು ತೂತಿನ ಕಬ್ಬಿಣದ ಪಟ್ಟಿ ಮಾಡಿಸಿ ತಂದು, ಮಿಕ್ಕ ಸಂದಿಗೆ ತಗಡು ಹೊಡೆದು ಹೇಗೋ ಕೂರಿಸಿದೆವು. ಆ ಖರ್ಚೂ ನನ್ನದೇ. ಅಷ್ಟು ಹೊತ್ತಿಗೆ ಅಕ್ಕಪಕ್ಕದವರೆಲ್ಲ ಅಂಗಳಕ್ಕೆ ಬಂದು ನಿಂತಿದ್ದರು. ಭಾವ ಸೀಟಿನಲ್ಲಿ ಕೂತು ಹೆಡರ್ ಎತ್ತಿದರು.

ಮೆಷಿನ್‌ನ ಹಿಂದಿನ ಚಕ್ರ ನೆಲ ಬಿಟ್ಟಿತು.

ಒಂದು ಅಂಗುಲ, ಎರಡು ಅಂಗುಲ, ಹಾಗೇ ನಿಧಾನಕ್ಕೆ ಮೇಲೆ ಬಂತು. ಕಟಾವು ಮೆಷಿನ್‌ಗೆ ಸ್ಟೇರಿಂಗ್ ಇರುವುದು ಹಿಂದಿನ ಚಕ್ರಕ್ಕೆ. ಅದೇ ಗಾಳಿಯಲ್ಲಿದ್ದರೆ ತಿರುಗಿಸುವುದು ಎಲ್ಲಿಂದ? ಭಾವ ಹೆದರಿ ಕೆಳಗೆ ಬಿಟ್ಟರು. ಯಾರೂ ಮಾತಾಡಲಿಲ್ಲ. ಫಿಟ್ಟರ್ ಹುಡುಗ ಫೋನ್ ಹಿಡಿದುಕೊಂಡು ಗೇಟಿನ ಆಚೆ ಹೋದ. ನಾನು ಮೋಸ ಹೋದೆ ಅಂತ ನನಗೆ ಗೊತ್ತಾಗಿದ್ದು ಆಗ. ಅಷ್ಟು ಜನರ ಮುಂದೆ.

ಆದರೂ ಹಣ ಹಾಕಿಬಿಟ್ಟಿದ್ದೇನಲ್ಲ, ಹಿಂದೆ ಮರಳು ಮೂಟೆ ಕಟ್ಟಿ ಮಾರನೇ ದಿನ ಗದ್ದೆಗೆ ಇಳಿಸಿದೆವು. ಅದು ಇನ್ನೊಂದು ತಪ್ಪು. ಆ ಬೆಲ್ಟ್‌ಗಳು ತಿರುಗುವುದು ಹೈಡ್ರಾಲಿಕ್ ಮೋಟಾರಿನಿಂದ, ಅದಕ್ಕೆ ಪಂಪ್ ಎಣ್ಣೆ ತಳ್ಳಬೇಕು. ನಮ್ಮ ಮೆಷಿನ್‌ನ ಪಂಪ್ ಇರುವುದು ಹೆಡರ್ ಎತ್ತಲು, ಸ್ಟೇರಿಂಗ್‌ಗೆ, ಅಷ್ಟೇ. ನೇರ ಹೋದರೆ ಬೆಲ್ಟ್ ಕುಂಟುತ್ತಾ ತಿರುಗುತ್ತೆ, ಸ್ಟೇರಿಂಗ್ ತಿರುಗಿಸಿದ ತಕ್ಷಣ ನಿಂತೇಹೋಗುತ್ತೆ. ಎಡಗಡೆ ಹುಲ್ಲು ಗುಡ್ಡೆ ಬಿತ್ತು. ನಮ್ಮ ಗದ್ದೆ ಡಿಸೆಂಬರ್‌ನಲ್ಲೂ ಪೂರ್ತಿ ಒಣಗಿರಲ್ಲ, ಬೆಲ್ಟ್‌ನ ಅಡಿಗೆ ಕೆಸರು ಸೇರಿ ಹಿಡಿದುಕೊಂಡಿತು. ಒಂದು ತುದಿ ಬದುವಿಗೆ ತಾಗಿ ಮಣ್ಣು ಕೀಳುತ್ತಿದ್ದರೆ ಇನ್ನೊಂದು ತುದಿಯಲ್ಲಿ ಬರೀ ತೆನೆ ಹಾರುತ್ತಿತ್ತು. ಗದ್ದೆ ಯಜಮಾನರು ವಯಸ್ಸಾದವರು, ಬಯ್ಯಲಿಲ್ಲ. 'ಭತ್ತ ಎಲ್ಲ ನೆಲದಲ್ಲೇ ಉಳೀತಲ್ಲಪ್ಪ' ಅಂದರು ಅಷ್ಟೇ. ಸಂಜೆವರೆಗೆ ನಾನು, ಮನೆಯವಳು, ಭಾವ ಕೂತು ಆ ತೆನೆ ಹೆಕ್ಕಿದೆವು.

ಈಗ ಆ ಡೀಲರ್ ಕೊಟ್ಟ ಉತ್ತರಗಳನ್ನು ಕೇಳಿ. ಎಲ್ಲಾ ಮೆಸೇಜ್ ನನ್ನ ಹತ್ತಿರ ಇದೆ.

ಬೇರೆ ಪಂಪ್ ಬೇಕು ಅಂತ ಯಾಕೆ ಹೇಳಲಿಲ್ಲ ಅಂದರೆ, 'ನೀವು ಕೇಳಲಿಲ್ಲ ಸರ್.'

ಹಿಂದೆ ತೂಕ ಹಾಕಬೇಕು ಅಂತ?

'ಅದು ಮೆಷಿನ್ ಇಟ್ಟವರಿಗೆಲ್ಲ ಗೊತ್ತಿರುತ್ತೆ ಸರ್.'

ಪಂಪ್ ಹಾಕಿಸಿದರೆ ಸರಿಹೋಗುತ್ತಾ ಅಂದರೆ, 'ಪಂಪ್ 85,000 ಆಗುತ್ತೆ. ಆದ್ರೆ ನಿಮ್ಮ ಗದ್ದೆ ಲೆವೆಲ್ ಇಲ್ವಲ್ಲ ಸರ್, ನಾನೇನು ಮಾಡ್ಲಿ.' ನಮ್ಮ ಗದ್ದೆ ವಿಡಿಯೋ ಮೊದಲೇ ಕಳಿಸಿದ್ದೆ. ಆಗ 'ಸೂಪರ್ ಗದ್ದೆ' ಅಂದಿದ್ದ. ನೀವು ಕೇಳಲಿಲ್ಲ ಅಂತೆ! ಆಗುತ್ತಾ ಅಂತ ನಾಲ್ಕು ಸಲ ಕೇಳಿದವನಿಗೆ ಹೇಳೋ ಮಾತಾ ಇದು? ಈಗಲೂ ರಾತ್ರಿ ಎಚ್ಚರ ಆದರೆ ಅದೇ ಮಾತು ಕಿವಿಗೆ ಬರುತ್ತೆ.

ಆಮೇಲೆ ಗಂಗಾವತಿ ಕಡೆಯ ಒಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಐದು ನಿಮಿಷದಲ್ಲಿ ಹೇಳಿದರು. ಹೆಡರ್ ಅಗಲ ಮಾಡಿದರೆ ಒಳಗೆ ಹೋಗುವ ಹುಲ್ಲೂ ಜಾಸ್ತಿ ಆಗುತ್ತೆ, ಕಾಳು ಬಿಡಿಸುವ ಡ್ರಮ್ ಅದೇ 14 ಅಡಿ ಲೆಕ್ಕಕ್ಕೆ ಮಾಡಿದ್ದು, ಹಸಿ ಹುಲ್ಲಿನ ಭತ್ತದಲ್ಲಿ ನೀವು ಮೆಷಿನ್ ನಿಧಾನ ಮಾಡಲೇಬೇಕು, ಇಲ್ಲದಿದ್ದರೆ ಕಾಳು ಹಿಂದಿನಿಂದ ಹುಲ್ಲಿನ ಜೊತೆ ಹೋಗುತ್ತೆ. ಅಂದರೆ ಎಲ್ಲಾ ಸರಿಯಾಗಿ ಕೂತಿದ್ದರೂ ನನಗೆ ಸಮಯ ಉಳಿಯುತ್ತಿರಲಿಲ್ಲ. ಈ ಫೋನನ್ನು ನಾನು ಅಡ್ವಾನ್ಸ್ ಕೊಡುವ ಮುಂಚೆ ಮಾಡಬೇಕಿತ್ತು.

ಆದ್ದರಿಂದ ಯಾರಾದರೂ ಅಗಲದ ಹೆಡರ್ ತೋರಿಸಿದರೆ, ನಿಮ್ಮದೇ ಮಾಡೆಲ್ ಮೆಷಿನ್‌ಗೆ ಕೂರಿಸಿ ಭತ್ತದ ಗದ್ದೆಯಲ್ಲಿ ಓಡಿಸಿ ತೋರಿಸು ಅನ್ನಿ. ಗೋಧಿ ವಿಡಿಯೋ ಬೇಡ. ಫೀಡರ್ ಬಾಯಿ ಅಳತೆ, ಹೆಡರ್ ತೂಕ, ಪಂಪ್ ಯಾವುದು, ಎಲ್ಲಾ ಬಿಲ್ ಮೇಲೆ ಬರೆಸಿಕೊಳ್ಳಿ. ನಮ್ಮ ರಸ್ತೆಗಳಲ್ಲಿ 20 ಅಡಿ ಹೊತ್ತುಕೊಂಡು ತಿರುವು ದಾಟಲು ಆಗಲ್ಲ, ಪ್ರತಿ ಸಲ ಬಿಚ್ಚಿ ಟ್ರೈಲರ್ ಮೇಲೆ ಹಾಕಬೇಕು, ಟ್ರೈಲರ್ ಕೊಡ್ತಾನಾ ಕೇಳಿ. ನನಗೆ ಕೊಡಲಿಲ್ಲ. ಲೋಡ್ ಆಗುವಾಗ ದುಡ್ಡು ಕೊಡಲೇಬೇಡಿ.

ಕೊನೆಗೆ ಡೀಲರ್ ಆ ಹೆಡರನ್ನು 1,40,000ಕ್ಕೆ ವಾಪಸ್ ತೆಗೆದುಕೊಂಡ, ಲಾರಿ ಬಾಡಿಗೆ ನನ್ನದೇ. ಅಂಗಳದಲ್ಲಿ ಅದನ್ನು ನೋಡಲು ಆಗದೆ ಒಪ್ಪಿಕೊಂಡೆ. ಮೊನ್ನೆ ಪಿರಿಯಾಪಟ್ಟಣ ಕಡೆಯ ಪರಿಚಯದವರೊಬ್ಬರು ಫೋಟೋ ಕಳಿಸಿ, 'ಇದು ನಿಮ್ಮ ಮೆಷಿನ್‌ಗೆ ಹಾಕಿದ್ರಲ್ಲ, ಅಂಥದ್ದೇನಾ, 5 ಲಕ್ಷ ಹೇಳ್ತಿದ್ದಾನೆ' ಅಂತ ಕೇಳಿದರು. ಹಸಿರು ಹೋಗಿ ಕೆಂಪು ಬಣ್ಣ ಆಗಿದೆ. ದೊಡ್ಡದು ಮಾಡಿ ನೋಡಿದೆ. ಮಧ್ಯದ ಬಾಯಿಯ ಬಲಗಡೆ, ಕೊಂಡಿಯ ಹತ್ತಿರ, ನಾನು ಮಾಡಿಸಿದ ಮೂರು ತೂತಿನ ಪಟ್ಟಿ ಹಾಗೇ ಇದೆ. ನಿಮಗೆ ಕೆಂಪು ಹೆಡರ್ ತೋರಿಸಿದರೆ ಮೊದಲು ಆ ಪಟ್ಟಿ ನೋಡಿ.